ಕಾರು ಸರಿದ ಬೀದಿಗೆ ಊರು ಬಂತು



ಪೇಟೆ ಬೀದಿ ಎಂದರೆ ಕೊಡುಕೊಳ್ಳುವ ಜಾಗ ಮಾತ್ರವಲ್ಲ. ಉಪ್ಪು, ಬೆಲ್ಲಕ್ಕೆಂದು ಹೋದವರು ನಾಲ್ಕು ಜನರನ್ನು ಕಂಡು, ಊರ ಸುದ್ದಿ ತಿಳಿದು ಬರುವ ಜಾಗವೂ ಹೌದು. ವಾಹನಗಳು ಹೆಚ್ಚಿದಂತೆ ಅಲ್ಲಿ ನಿಂತು ಮಾತಾಡುವ ಎಡೆಯೇ ಇಲ್ಲವಾಗುತ್ತದೆ. ಆ ಎಡೆಯನ್ನು ಮರಳಿ ಪಡೆದ ನಗರಗಳಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ಮುಖ್ಯವಾದುದು.

ಅಲ್ಲಿನ ಸ್ಟ್ರಾಯೆಟ್ ಎಂಬುದು ಒಂದಕ್ಕೊಂದು ಕೂಡಿಕೊಂಡ ಹಳೆಯ ಬೀದಿಗಳ ಸಾಲು. ಉದ್ದ ಸುಮಾರು 1.1 ಕಿಲೋಮೀಟರ್. 1962ರ ನವೆಂಬರ್‌ನಲ್ಲಿ ಅದನ್ನು ಪ್ರಯೋಗಾರ್ಥವಾಗಿ ವಾಹನಗಳಿಗೆ ಮುಚ್ಚಲಾಯಿತು. ಕಾರಿಗೆ ದಾರಿ ಇಲ್ಲದಿದ್ದರೆ ಗಿರಾಕಿ ಬಂದಾನೆಯೇ ಎಂದು ವರ್ತಕರು ವಿರೋಧಿಸಿದರು. ಬೀದಿಯಲ್ಲಿ ಸುಮ್ಮನೆ ಅಡ್ಡಾಡುವುದು ಇಟಲಿಯವರ ಅಭ್ಯಾಸ, ಚಳಿನಾಡಿನ ಡೇನರದ್ದಲ್ಲ ಎಂಬ ವಾದವೂ ಎದ್ದಿತು. ಆದರೆ ಜನ ಬಂದರು. 1964ರಲ್ಲಿ ವ್ಯವಸ್ಥೆ ಕಾಯಂ ಆಯಿತು.

ವಾಸ್ತುಶಿಲ್ಪಿ ಯಾನ್ ಗೇಲ್ 1960ರ ದಶಕದಿಂದ ಅಲ್ಲಿನ ಜನರನ್ನು ಎಣಿಸುತ್ತ ಬಂದರು. ನಗರಕೇಂದ್ರದಲ್ಲಿ ಪಾದಚಾರಿಗಳಿಗೆ ಮೀಸಲಾದ ಜಾಗ 1962ರಲ್ಲಿ 15,800 ಚದರ ಮೀಟರ್ ಇದ್ದದ್ದು, 1996ರ ಹೊತ್ತಿಗೆ 95,000 ದಾಟಿತು. ಮುಖ್ಯ ಬೀದಿಗಳಲ್ಲಿ ನಡೆಯುವವರ ಸಂಖ್ಯೆ ಅಷ್ಟೇನೂ ಬದಲಾಗಲಿಲ್ಲ. ಕೂತು, ನಿಂತು ಕಾಲ ಕಳೆಯುವವರ ಸಂಖ್ಯೆ ಮಾತ್ರ ಹಲವು ಪಟ್ಟು ಏರಿತು. ಬೀದಿಯ ಲಾಭವನ್ನು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಷ್ಟೇ ಅಳೆಯಲಾಗದು ಎಂಬುದನ್ನು ಈ ಲೆಕ್ಕ ತೋರಿಸಿಕೊಟ್ಟಿತು.

ಇದು ಒಂದೇ ದಿನದಲ್ಲಿ ಆದ ಕೆಲಸವಲ್ಲ. ಒಂದೊಂದೇ ಬೀದಿ, ಒಂದೊಂದೇ ಚೌಕ ಸೇರುತ್ತ ಹೋಯಿತು. ಕೇಂದ್ರದಲ್ಲಿ ಕಾರು ನಿಲ್ಲಿಸುವ ಜಾಗವನ್ನೂ ನಿಧಾನವಾಗಿ ಇಳಿಸಲಾಯಿತು. ಸೈಕಲ್ಲಿಗೂ ಬಸ್ಸಿಗೂ ಒಗ್ಗಿಕೊಳ್ಳಲು ಜನರಿಗೆ ಕಾಲಾವಕಾಶ ಸಿಕ್ಕಿತು.

ಇದಕ್ಕೆ ಇನ್ನೊಂದು ಮುಖವಿದೆ. ಜನ ಸೇರುವ ಜಾಗದ ಬಾಡಿಗೆ ಏರುವುದು ಸಹಜ. ಇಂದು ಸ್ಟ್ರಾಯೆಟ್‌ನಲ್ಲಿ ಎದ್ದು ಕಾಣುವುದು ದೊಡ್ಡ ಕಂಪನಿಗಳ ಮಳಿಗೆಗಳು, ಪ್ರವಾಸಿಗರ ಅಂಗಡಿಗಳು. ದಿನಬಳಕೆಯ ಸಾಮಾನಿನ ಸಣ್ಣ ಅಂಗಡಿ ಹೋದರೆ ಸುತ್ತಲಿನ ನಿವಾಸಿಗೆ ಆ ಬೀದಿಯಲ್ಲಿ ಕೆಲಸವೇನು?

ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನ ನಿಷೇಧಿಸಿದಾಗ, ಅಂಥ ಬೀದಿಯ ರುಚಿಯನ್ನು ನಮ್ಮವರೂ ಕಂಡರು. ಅದನ್ನು ಬೇರೆ ಪೇಟೆಗಳಿಗೂ ತರುವುದಾದರೆ, ಕಾರನ್ನು ತಡೆಯಲು ಒಂದು ಅಡ್ಡಗಂಬ ಸಾಕು. ಹೂ ಮಾರುವಾಕೆ, ಚಪ್ಪಲಿ ಹೊಲಿಯುವಾತ, ಹಳೆಯ ದಿನಸಿ ಅಂಗಡಿ ಅಲ್ಲೇ ಉಳಿಯಬೇಕಾದರೆ ಅಡ್ಡಗಂಬ ಸಾಲದು. ನಗರಾಡಳಿತ ಅವರಿಗೂ ಜಾಗ ಗುರುತಿಸಬೇಕು.