ಕಾಲುಬಾಯಿ ಬೇನೆಯ ವೈರಸ್ಸಿನ ಗೋಡೆ
(ಪಟ್ಟದಕಲ್ಲಿನ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



"ಸೂಜಿ ಮಾಡಿಸಿದ್ವಿ, ಆದ್ರೂ ಬ್ಯಾನಿ ಬಂತಲ್ರೀ ಸಾಹೇಬ್ರ" ಎಂದು ನೀವು ಕೇಳುತ್ತೀರಿ. ಇದಕ್ಕೆ ಕಾರಣಗಳು ಹಲವು. ನಮ್ಮ ಕೈಯಲ್ಲಿರುವ ಒಂದನ್ನು ಇಂದು ಹೇಳುತ್ತೇನೆ.

ನಿಮ್ಮೂರಿನ ವಿರೂಪಾಕ್ಷ ಗುಡಿ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ್ದು. ಕಾಲುಬಾಯಿ ಬೇನೆಯ ವೈರಸ್ಸಿನ ಹೊರಗೋಡೆಯೂ ಹಾಗೆಯೇ. ವಿಪಿ-1, 2, 3, 4 ಎಂಬ ನಾಲ್ಕು ಬಗೆಯ ಪ್ರೋಟೀನು, ಒಂದೊಂದೂ 60ರಂತೆ ಕೂಡಿಕೊಂಡಿವೆ. ಒಳಗೆ ಒಂದೇ ಎಳೆ ಆರ್‌ಎನ್‌ಎ.

ವಿಪಿ-1ರ ಮೇಲಿನ ಕೊಂಡಿಯೊಂದು ಆಕಳಿನ ಜೀವಕೋಶಕ್ಕೆ ಸಿಕ್ಕಿಕೊಳ್ಳುತ್ತದೆ. ಕೋಶ ಅದನ್ನು ಒಳಗೆಳೆದುಕೊಂಡಾಗ ಅಲ್ಲಿನ ಹುಳಿಗೆ ಗೋಡೆ ಬಿಚ್ಚಿ ಆರ್‌ಎನ್‌ಎ ಹೊರಬರುತ್ತದೆ. ಅಲ್ಲಿಂದ ಮುಂದೆ ಕೋಶ ವೈರಸ್ಸಿನ ಕೂಲಿಯಾಳು. ಹೊಸ ಗೋಡೆಗೆ ಬೇಕಾದ ಪ್ರೋಟೀನನ್ನು ಅದೇ ತಯಾರಿಸಿ ಕೊಡುತ್ತದೆ. ಆ ಪ್ರೋಟೀನುಗಳು ಗೋಡೆ ಸೇರುವ ಮೊದಲು ಇನ್ನೊಂದು ಕೆಲಸ ಮಾಡುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಸೋಂಕು ತಗುಲಿದ ಕೋಶ ಇಂಟರ್‌ಫೆರಾನ್ ಎಂಬ ವಸ್ತು ಬಿಟ್ಟು ನೆರೆಯ ಕೋಶಗಳನ್ನು ಎಚ್ಚರಿಸಬೇಕು. ವಿಪಿ-1 ಅದರ ತಯಾರಿಕೆಯನ್ನು ತಗ್ಗಿಸುತ್ತದೆ. ವಿಪಿ-3 ಆ ಎಚ್ಚರಿಕೆ ಮುಟ್ಟದಂತೆ ತಡೆಯುತ್ತದೆ. ಕಳ್ಳ ಮೊದಲು ನಾಯಿಯ ಬಾಯಿ ಕಟ್ಟಿದಂತೆ! ಬೇನೆ ಬಂದ ಮೇಲೆ ಓಡಾಡಿದರೆ ತಡವಾಗುವುದು ಇದಕ್ಕೇ.

ಲಸಿಕೆಯೆಂದರೆ ಇದೇ ವೈರಸ್ಸನ್ನು ಬೆಳೆಸಿ, ಗೋಡೆ ಒಡೆಯದಂತೆ ಕೊಂದು ಇಟ್ಟದ್ದು. ದನದ ಮೈ ಚೆನ್ನಾಗಿ ಗುರುತು ಹಿಡಿಯುವುದು ಇಡೀ ಗೋಡೆಯ ಆಕಾರವನ್ನು. ಬಿಸಿ ತಾಗಿದರೆ ಅದು 12 ತುಂಡಾಗಿ ಕಳಚುತ್ತದೆ. ಕಲ್ಲು ಅವೇ, ಗುಡಿ ಇಲ್ಲ. ಮರಳಿ ಫ್ರಿಜ್ಜಿನಲ್ಲಿಟ್ಟರೆ ಮೊದಲಿನಂತಾಗದು. ನಮ್ಮಲ್ಲಿ ಹೆಚ್ಚಾಗಿ ಕಾಣುವ 'ಓ' ಬಗೆಯಂತೂ ಬಹಳ ನಾಜೂಕು.

ಒಂದು ಏಪ್ರಿಲ್ ಬಿಸಿಲಲ್ಲಿ ಪೆಟ್ಟಿಗೆಯ ಐಸ್ ಕರಗಿದ್ದನ್ನು ನೋಡದೆ ನಾನೇ ಇಡೀ ಓಣಿಯ ದನಗಳಿಗೆ ಚುಚ್ಚಿದ್ದೇನೆ. ಬಾಟಲಿ ನೋಡಲು ಸರಿಯಾಗಿಯೇ ಇತ್ತು. ಮರಳಿ ಹೋಗಿ ತಪ್ಪೊಪ್ಪಿ, ಬೈಸಿಕೊಂಡು, ಮತ್ತೆ ಹಾಕಿದೆ. ಆದ್ದರಿಂದ ಪೆಟ್ಟಿಗೆ ತೆರೆದು ತೋರಿಸಿ ಎಂದು ನೀವು ಕೇಳಿದರೆ ನನಗೆ ಸಿಟ್ಟಿಲ್ಲ. 2ರಿಂದ 8 ಡಿಗ್ರಿ ತಂಪು ಇರಬೇಕು; ಹೆಪ್ಪುಗಟ್ಟಲೂಬಾರದು.

ಒಂದೆರಡು ದಿನ ಹಾಲು ಇಳಿಯುತ್ತದೆಂದು ಕೆಲವರು ಆಕಳನ್ನು ಹೊಲಕ್ಕೆ ಅಟ್ಟಿಬಿಡುತ್ತಾರೆ. 2013ರಲ್ಲಿ ನಮ್ಮ ರಾಜ್ಯದಲ್ಲಿ ಈ ಬೇನೆಗೆ ಸಾವಿರಾರು ದನಗಳು ಸತ್ತವು. ಕರುವಿಗೆ ನಾಲ್ಕು ತಿಂಗಳಿಗೆ ಮೊದಲ ಲಸಿಕೆ, ತಿಂಗಳ ನಂತರ ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ ಹಾಕಿಸಿರಿ. ಓಣಿಯಲ್ಲಿ ಬೇನೆ ಕಂಡರೆ 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಕೊಟ್ಟಿಗೆಯ ನೆಲ ತೊಳೆಯಿರಿ. ಸಂತೆಗೆ ದನ ಹೊಡೆಯಬೇಡಿರಿ.