ಗೋಲು ತಡೆಯೋನ ಸಂಬಳ ಎಲ್ಲಿಂದ?

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಅಂದ್ರೆ ಕುಸ್ತಿ, ಕಬಡ್ಡಿ ಸೀಮೆ. ಆದ್ರೂ ಇವತ್ತು ಹಾಕಿ ಡಿಫೆಂಡರ್ ವಿ.ಆರ್. ರಘುನಾಥ್ ಬಗ್ಗೆ ಮಾತಾಡ್ತೀನಿ. ನಾನು ಬಿ.ಕಾಂ. ಓದಿದವನು, ಆಟದ ಹಿಂದಿನ ಲೆಕ್ಕ ನೋಡೋ ಚಟ.

ರಘುನಾಥ್ ಕೊಡಗಿನವರು, ಹುಟ್ಟಿದ್ದು 1988ರಲ್ಲಿ. ಹಿಂದೆ ನಿಂತು ಗೋಲು ತಡೆಯೋದು ಅವರ ಕೆಲಸ. ಪೆನಾಲ್ಟಿ ಕಾರ್ನರ್ ಸಿಕ್ಕಾಗ ಮಾತ್ರ ಮುಂದೆ ಬಂದು, ಚೆಂಡು ಸ್ಟಿಕ್ಕಿಗೆ ಅಂಟಿಕೊಂಡಂಗೆ ಎಳೆದು ಗೋಲಿಗೆ ಎಸೀತಿದ್ರು. ಅದೇ ಡ್ರ್ಯಾಗ್ ಫ್ಲಿಕ್. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 12ನೇ, ಅಂದ್ರೆ ಕಟ್ಟಕಡೆಯ ಸ್ಥಾನಕ್ಕೆ ಬಿದ್ದ ತಂಡದಲ್ಲೂ ಇದ್ದರು, 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲೂ ಇದ್ದರು. 2016ರಲ್ಲಿ ಅರ್ಜುನ ಪ್ರಶಸ್ತಿ ಬಂತು.

ಈಗ ದುಡ್ಡಿನ ಮಾತು. 2013ರ ಮೊದಲ ಹಾಕಿ ಇಂಡಿಯಾ ಲೀಗ್‌ಗೆ ಉತ್ತರ ಪ್ರದೇಶ ವಿಝಾರ್ಡ್ಸ್ ಅವರನ್ನ 76,000 ಡಾಲರ್‌ಗೆ ಕೊಂಡಿತು. ಆಗಿನ ರೇಟಲ್ಲಿ ಸುಮಾರು 40 ಲಕ್ಷ ರೂಪಾಯಿ! ಆದ್ರೆ 2017ರ ನಂತರ ಲೀಗೇ ನಿಂತುಹೋಯ್ತು. ಮತ್ತೆ ಶುರುವಾಗಿದ್ದು 2024ರ ಕೊನೆಗೆ. ಏಳು ವರ್ಷ ಅಂದ್ರೆ ಆಟಗಾರನ ಅರ್ಧ ಆಯಸ್ಸು. ನಮ್ಮ ಹಾಕಿ ಆಟಗಾರರ ಮನೆ ನಡೆಸೋದು ಹರಾಜಲ್ಲ, ತೈಲ ಕಂಪನಿ, ರೈಲ್ವೆ, ಸೇನೆಯ ನೌಕರಿ.

ನಮ್ಮ ಸೀಮೆಗೆ ಇದು ಹೊಸದಲ್ಲ ಬಿಡಿ. 80ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನ ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಡ್ತು. ಕೆಲವೇ ವರ್ಷಕ್ಕೆ ಯೋಜನೆ ಕೈಬಿಡ್ತು. ಕಾಲಲ್ಲಿ ವೇಗ ಇತ್ತು, ಕೈಯಲ್ಲಿ ನೌಕರಿ ಇರಲಿಲ್ಲ. ಎಷ್ಟೋ ಜನ ಊರಿಗೆ ವಾಪಸ್ ಬಂದರು.

ಸ್ಪೋರ್ಟ್ಸ್ ಕೋಟಾದಲ್ಲಿ ನೌಕರಿ ಹಿಡಿಯೋದು ಹೆಂಗೆ? ಅದು ಮುಂದಿನ ಎಪಿಸೋಡು.