ಎರಡು ಕಡತ, ಒಂದು ಕೀಲಿ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀನು ಕಂಪ್ಯೂಟರ್ ಮುಂದೆ ಕೂತು ಏನು ಮಾಡ್ತೀಯ ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ, ಅದನ್ನೇ ಹತ್ತು ನಿಮಿಷ ಹೇಳಪ್ಪ" ಅಂದರು. ಎಲ್ಲ ಹೇಳಲು ಹೋದರೆ ನಿಮ್ಮ ಊಟ ತಡವಾಗುತ್ತದೆ. ಒಂದೇ ಒಂದು ಸಣ್ಣ ವಿಷಯ ಹೇಳುತ್ತೇನೆ.

ನಮ್ಮ ಗಣಿತದ ಪುಸ್ತಕ ನೆನಪು ಮಾಡಿಕೊಳ್ಳಿ. ಲೆಕ್ಕ ಪಾಠದ ಕೊನೆಯಲ್ಲಿ, ಉತ್ತರ ಪುಸ್ತಕದ ಕೊನೆಯಲ್ಲಿ. ನಾವೆಲ್ಲ ಎಡಗೈ ಬೆರಳನ್ನು ಉತ್ತರದ ಪುಟದಲ್ಲಿ ಸಿಕ್ಕಿಸಿಕೊಂಡೇ ಲೆಕ್ಕ ಮಾಡುತ್ತಿದ್ದೆವು. ನಮ್ಮ ಗಣಿತದ ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಅವರಿಗೆ ಇದು ಆಗಲೇ ಗೊತ್ತಿತ್ತು. ಉತ್ತರ ನೋಡಿದ್ದಕ್ಕೆ ಅವರು ಹೊಡೆಯುತ್ತಿರಲಿಲ್ಲ. ಲೆಕ್ಕ ಒಂದು ಹೇಳಿ, ಉತ್ತರ ಇನ್ನೊಂದು ಬರೆದರೆ ಮಾತ್ರ ಹೊಡೆತ ಬೀಳುತ್ತಿತ್ತು.

ನನ್ನ ಕೆಲಸ ಹೆಚ್ಚುಕಡಿಮೆ ಇದೇ. ಯಂತ್ರಗಳೊಳಗಿನ ಪ್ರೋಗ್ರಾಮನ್ನು ನಾವು ಸಿ ಭಾಷೆಯಲ್ಲಿ ಬರೆಯುತ್ತೇವೆ. 1970ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ರೂಪಿಸಿದ ಭಾಷೆ ಅದು. ಅದರಲ್ಲಿ ಒಂದೊಂದು ಕೆಲಸಕ್ಕೆ ಸಾಮಾನ್ಯವಾಗಿ ಎರಡು ಕಡತ. ಡಾಟ್ ಸಿ ಎಂಬುದು ಮೂಲ ಕಡತ, ಕೆಲಸ ನಡೆಯುವುದು ಅಲ್ಲಿ. ಡಾಟ್ ಎಚ್ ಎಂಬುದು ಹೆಡರ್. ಅದು ಅಂಗಡಿಯ ಮುಂದಿನ ಬೋರ್ಡಿನ ಹಾಗೆ: ಇಲ್ಲಿ ಏನು ಸಿಗುತ್ತದೆ, ಅದಕ್ಕೆ ನೀವೇನು ಕೊಡಬೇಕು, ಇಷ್ಟೇ ಬರೆದಿರುತ್ತದೆ. ಬೇರೆ ಕಡತಗಳು ಬೋರ್ಡು ಮಾತ್ರ ಓದುತ್ತವೆ, ಒಳಗೆ ಇಣುಕುವುದಿಲ್ಲ. ಹಾಗಾಗಿ ಒಳಗೆ ಸಿಗುವುದೋ ಅದಕ್ಕೆ ಕೊಡಬೇಕಾದದ್ದೋ ಬದಲಾದರೆ ಬೋರ್ಡೂ ಬದಲಾಗಬೇಕು.

ಒಮ್ಮೆ ನಾನು ಬೋರ್ಡು ಬದಲಾಯಿಸಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಹಳ್ಳಿಯ ಡೈರಿಗಳಲ್ಲಿ ಹಾಲು ತಣ್ಣಗಿಡುವ ಟ್ಯಾಂಕಿನ ನಿಯಂತ್ರಕ ನಮ್ಮ ತಂಡದ್ದು. ಹಾಲು ಎಷ್ಟು ತಣ್ಣಗಿದೆ ಎಂದು ಹೇಳುವ ಭಾಗ ಅಲ್ಲಿಯವರೆಗೆ ಪೂರ್ಣಾಂಕದಲ್ಲಿ ಹೇಳುತ್ತಿತ್ತು. ನಾನು ಅದನ್ನು ದಶಮಾಂಶಕ್ಕೆ ತಿರುಗಿಸಿದೆ, ನಾಲ್ಕೂವರೆ ಡಿಗ್ರಿ ಇದ್ದರೆ 4.5 ಎನ್ನಲಿ ಎಂದು. ಹೆಡರ್ ಬೇರೆ ಫೋಲ್ಡರಿನಲ್ಲಿತ್ತು, ನೂರಾರು ಕಡತಗಳ ಪಟ್ಟಿಯ ನಡುವೆ. ಮೌಸ್ ಹಿಡಿದು ಹುಡುಕುವ ಬೇಸರ. ಆಮೇಲೆ ಮಾಡಿದರಾಯಿತು ಅಂದುಕೊಂಡೆ, ಮರೆತೆ.

ಮೂಲ ಕಡತವು ತನ್ನ ಹೆಡರನ್ನು ತಾನೇ ಓದುವಂತೆ ಮೇಲೊಂದು ಸಾಲು ಇದ್ದಿದ್ದರೆ ಕಂಪೈಲರ್ ಅಲ್ಲೇ ತಕರಾರು ತೆಗೆಯುತ್ತಿತ್ತು. ಆ ಸಾಲೂ ಇರಲಿಲ್ಲ. ಸಿ ಭಾಷೆಯಲ್ಲಿ ಒಂದೊಂದು ಕಡತವೂ ಬೇರೆಬೇರೆಯಾಗಿ ಸಿದ್ಧವಾಗುತ್ತದೆ, ಕೊನೆಗೆ ಹೆಸರು ನೋಡಿ ಜೋಡಿಸುತ್ತಾರೆ. ಹೆಸರು ಸರಿಯಿತ್ತು, ಜೋಡಿಯಾಯಿತು. ಒಳಗೆ 4.5 ಎಂದು ಬರೆದ ಸೊನ್ನೆ-ಒಂದುಗಳನ್ನು ಹೊರಗಿನವರು ಪೂರ್ಣಾಂಕವೆಂದು ಓದಿದರು. ಹಾಗೆ ಓದಿದರೆ ಅದು 108 ಕೋಟಿ 31 ಲಕ್ಷ 79 ಸಾವಿರದ 8 ಡಿಗ್ರಿ! ಹಾಲು ಕುದಿಯುತ್ತಿದೆ ಎಂದು ನಂಬಿದ ಯಂತ್ರ ರಾತ್ರಿಯಿಡೀ ತಣ್ಣಗೆ ಮಾಡುತ್ತಲೇ ಇತ್ತು. ಬೆಳಿಗ್ಗೆ ಮುಚ್ಚಳ ತೆಗೆದರೆ ಟ್ಯಾಂಕಿನ ಒಳಗೋಡೆಗೆ ಹಾಲು ಐಸಾಗಿ ಅಂಟಿತ್ತು. ಆ ಟ್ಯಾಂಕಿನ ಹಾಲನ್ನು ಲಾರಿಯವರು ಒಯ್ಯಲಿಲ್ಲ.

ದುಡ್ಡನ್ನು ಕಂಪನಿ ಕಟ್ಟಿಕೊಟ್ಟಿತು, ನನ್ನ ಕೆಲಸವೂ ಉಳಿಯಿತು. ಆದರೆ ನನ್ನವ್ವ ಎರಡು ಹಸು ಕಟ್ಟಿ, ಇದೇ ಊರಿನ ಡೈರಿಗೆ ಹಾಲು ಹಾಕಿ ನನ್ನನ್ನು ಓದಿಸಿದವಳು. ಆ ವಾರ ಅವಳು ಫೋನ್ ಮಾಡಿದಾಗ ಏನು ತಪ್ಪು ಮಾಡಿದೆ ಎಂದು ಹೇಳಲು ನನ್ನ ಬಾಯಿ ಬರಲಿಲ್ಲ. ಇವತ್ತು ಅವಳು ಆ ಹೆಂಗಸರ ಸಾಲಿನಲ್ಲಿ ಕೂತಿದ್ದಾಳೆ. ಈಗ ಕೇಳಿಸಿಕೊಂಡಳು.

ಆಮೇಲೆ ನನ್ನ ಪಕ್ಕ ಬಂದು ಕೂತವರು ಕರಾವಳಿಯ ಕಡೆಯ ಹಿರಿಯ ಸಹೋದ್ಯೋಗಿ. ಬೈಯಲಿಲ್ಲ. ಸ್ವಲ್ಪ ಹೊತ್ತು ನೋಡಿ, "ಬೆಳಿಗ್ಗೆಯಿಂದ ಆ ಮೌಸಲ್ಲಿ ಎಂತ ಹುಡುಕುವುದು ಮಾರಾಯ?" ಅಂದರು. ಅವರು ಬಳಸುತ್ತಿದ್ದ ಎಡಿಟರ್ ವಿಮ್. ಅದರಲ್ಲಿ ಕಂಟ್ರೋಲ್ ಕೀಲಿಯ ಜೊತೆ 6 ಒತ್ತಿದರೆ ಈಗಷ್ಟೇ ಬಿಟ್ಟುಬಂದ ಕಡತಕ್ಕೆ ಹೋಗುತ್ತದೆ, ಮತ್ತೆ ಒತ್ತಿದರೆ ವಾಪಸ್. ಥೇಟ್ ಉತ್ತರದ ಪುಟದಲ್ಲಿಟ್ಟ ಬೆರಳು! ಆದರೆ ನಡುವೆ ಮೂರನೆಯ ಕಡತ ತೆರೆದರೆ ಬೆರಳು ಜಾರುತ್ತದೆ. ಅದಕ್ಕೆ ಇನ್ನೊಂದು ಉಪಾಯವಿದೆ: ಹೆಡರಿನ ಹೆಸರಿನ ಮೇಲೆ ಕರ್ಸರ್ ಇಟ್ಟು ಜಿ, ಎಫ್ ಒತ್ತುವುದು. ಹೆಡರ್‌ಗಳು ಬೇರೆ ಫೋಲ್ಡರಿನಲ್ಲಿದ್ದರೆ ಎಲ್ಲಿ ಹುಡುಕಬೇಕೆಂದು ಮೊದಲೇ ಒಂದು ಸಾಲಿನಲ್ಲಿ ಹೇಳಿಟ್ಟಿರಬೇಕು, ಅಷ್ಟೆ. ಕ್ಯೂಟಿ ಕ್ರಿಯೇಟರ್‌ನಲ್ಲಾದರೆ ಎಫ್4 ಕೀಲಿ ಸಾಕು, ಜೋಡಿಯನ್ನು ಅದೇ ಹುಡುಕಿಕೊಳ್ಳುತ್ತದೆ. ಆವತ್ತಿನಿಂದ ಮೂಲ ಕಡತ ಮುಟ್ಟಿದ ಕೂಡಲೇ ನನ್ನ ಕೈ ತಾನಾಗಿ ಹೆಡರಿಗೆ ಹಾರುತ್ತದೆ. ತನ್ನ ಹೆಡರನ್ನು ತಾನೇ ಓದುವ ಆ ಸಾಲನ್ನೂ ಮೊದಲೇ ಹಾಕುತ್ತೇನೆ.

ವಿಮ್ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಅದನ್ನು ಮಾಡಿದವರು ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್, 1991ರಲ್ಲಿ. ಯಾರೂ ದುಡ್ಡು ಕೊಡಬೇಕಾಗಿಲ್ಲ. ಆದರೆ ಖಾಲಿಯಾಗಿ ತೆರೆದರೆ ಮೊದಲ ಪರದೆಯಲ್ಲೇ ಉಗಾಂಡದ ಬಡ ಮಕ್ಕಳಿಗೆ ನೆರವಾಗಿ ಎಂಬ ಕೋರಿಕೆ ಕಾಣುತ್ತದೆ. ಅಲ್ಲಿನ ಕಿಬಾಲೆ ಎಂಬ ಊರಿನ ಮಕ್ಕಳ ಕೇಂದ್ರದಲ್ಲಿ ಅವರು 1994ರಲ್ಲಿ ಒಂದು ವರ್ಷ ಸ್ವಯಂಸೇವಕರಾಗಿ, ನೀರು ನೈರ್ಮಲ್ಯದ ಕೆಲಸ ಮಾಡಿದ್ದರು. 2023ರಲ್ಲಿ ತೀರಿಕೊಂಡರು. ನಾನು ಅವರನ್ನು ನೋಡಿದವನಲ್ಲ. ದಿನಕ್ಕೆ ನೂರು ಸಲ ಅವರ ಎಡಿಟರಿನಲ್ಲಿ ಆ ಕೀಲಿ ಒತ್ತುತ್ತೇನೆ.

ಮಕ್ಕಳೇ, ಲ್ಯಾಪ್‌ಟಾಪ್ ತಂದಿದ್ದೇನೆ. ಊಟವಾದ ಮೇಲೆ ಎಂಟನೇ ತರಗತಿ ಕೋಣೆಗೆ ಬನ್ನಿ. ಆ 108 ಕೋಟಿ ಡಿಗ್ರಿಯನ್ನು ನಿಮ್ಮ ಕೈಯಲ್ಲೇ ಬರಿಸಿ ತೋರಿಸುತ್ತೇನೆ. ಮೇಷ್ಟ್ರೇ, ತಾವೂ ಬರಬೇಕು.